ಮಗ್ಗದಿಂದ ಬಂದ ಮಾತು

ಯಾವುದಾದರೂ ಬದುಕಿನಲ್ಲಿ ಬೆರೆತುಹೋದರೆ ಕನ್ನಡಿಗರು ‘ಹಾಸುಹೊಕ್ಕಾಗಿದೆ’ ಎನ್ನುತ್ತಾರೆ. ಈ ಮಾತು ಹುಟ್ಟಿದ್ದು ಮಗ್ಗದಲ್ಲಿ. ಅದನ್ನು ಕಣ್ಣಾರೆ ಕಾಣಬೇಕೆಂದರೆ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದ ಮುಂದೆ ಕೂರಬೇಕು. ಉದ್ದಕ್ಕೆ ಬಿಗಿದ ನೂಲು ಹಾಸು; ಲಾಳಿಯಿಂದ ಬಿಚ್ಚಿಕೊಳ್ಳುತ್ತ ಅಡ್ಡ ಹಾಯುವ ನೂಲು ಹೊಕ್ಕು. ನೇಕಾರರು ಕಾಲಿನಿಂದ ಒತ್ತಿದಾಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಆ ಸಂದಿಯಲ್ಲಿ ಲಾಳಿ ಓಡುತ್ತದೆ. ಆಮೇಲೆ ಎರಡನ್ನೂ ಬೇರ್ಪಡಿಸಿದರೆ ಸೀರೆಯೇ ಉಳಿಯದು.

ನೆರೆಯ ಚಳ್ಳಕೆರೆ ಕಂಬಳಿ ಮತ್ತು ಶೇಂಗಾ ಎಣ್ಣೆಗೆ ಹೆಸರಾದ ಊರು. ‘ಕಂಬಳಿಯಲ್ಲಿ ಉಣ್ಣುತ್ತ ಕೂದಲು ಆರಿಸಿದಂತೆ’ ಎಂಬ ಗಾದೆ ನಾಡಿಗೆಲ್ಲ ಗೊತ್ತು. ಕುರಿಯ ಉಣ್ಣೆ ಕತ್ತರಿಸಿ, ನೂತು, ನೇಯುವ ಮನೆಗಳಲ್ಲಿ ಅದರ ಕಸುವೇ ಬೇರೆ. ಬಿಡುವಿಲ್ಲದೆ ದುಡಿಯುವವರನ್ನು ಗಾಣದೆತ್ತು ಎನ್ನುವ ಮಾತೂ ಹಾಗೆಯೇ ಎಣ್ಣೆ ತೆಗೆಯುವ ಗಾಣದಿಂದ ಬಂದದ್ದು.

ಈ ಸೀಮೆಯ ಮಾತಿನ ಸಿರಿಗೆ ದೊಡ್ಡ ಸಾಕ್ಷಿ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ. ಓದು ಬರಹ ಕಲಿಯದ ಆಕೆ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಕಾಪಾಡಿದ್ದರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವನ್ನು ಸಂಗ್ರಹಿಸಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು.

ಮಗ್ಗ, ಗಾಣ, ಕುರಿಹಟ್ಟಿಯ ಮಾತುಗಳಿಗೂ ಅಂಥ ಸಂಗ್ರಾಹಕರು ಬೇಕು. ಇಲ್ಲಿನ ಕಾಲೇಜು ವಿದ್ಯಾರ್ಥಿಗಳು ಹಿರಿಯ ನೇಕಾರರ ಪಕ್ಕದಲ್ಲಿ ಕೂತು ಒಂದೊಂದೇ ಮಾತು ಬರೆದುಕೊಳ್ಳಲು ಶುರು ಮಾಡಲಿ.