ಸಮಾಧಾನಕರ ಬಹುಮಾನ

ರಂಗೋಲಿ ಸ್ಪರ್ಧೆಗೆ ಹೋಗಿ ಬಂದವರಿಗೆಲ್ಲ ಸಮಾಧಾನಕರ ಬಹುಮಾನವೆಂದರೆ ಏನೆಂದು ಗೊತ್ತು. ಮೊದಲ ಮೂವರಿಗೆ ಸ್ಟೀಲಿನ ಪಾತ್ರೆ, ಉಳಿದವರಿಗೆ ಪ್ಲಾಸ್ಟಿಕ್ಕಿನ ಸಾಬೂನು ಡಬ್ಬಿ. ನಗುತ್ತಲೇ ತೆಗೆದುಕೊಂಡು ಮನೆಗೆ ಬರುತ್ತೇವೆ. ಬಚ್ಚಲಿನಲ್ಲಿಟ್ಟ ಆ ಡಬ್ಬಿ ದಿನಾ ಮುಂಜಾನೆ ನಮ್ಮ ಸೋಲನ್ನು ನೆನಪಿಸುತ್ತಿರುತ್ತದೆ.

ಔರಾದ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿದ್ದಾಗ ನಾನೂ ಒಮ್ಮೆ ಇಂಥ ಬಹುಮಾನ ಕೊಟ್ಟೆ. ಹುಡುಗಿಯರ ಖೋ-ಖೋ ತಂಡವನ್ನು ಕ್ರೀಡಾಕೂಟಕ್ಕೆ ಕರೆದೊಯ್ದಿದ್ದೆ. ಕೆಲವರ ಮನೆಯಲ್ಲಿ ಒಪ್ಪಿಸುವುದಕ್ಕೇ ಎರಡು ವಾರ ಹಿಡಿದಿತ್ತು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಟಂಟಂನಲ್ಲಿ ಹೋದೆವು. ಹತ್ತೂವರೆಗೆ ಆಟ ಶುರುವಾಯಿತು. ಹನ್ನೊಂದೂವರೆಗೆ ಸೋತು ಹೊರಗೆ ಕುಳಿತಿದ್ದೆವು. ನಾಕೌಟ್ ಎಂದರೆ ಹಾಗೆಯೇ. ಅಂದು ಸಂಜೆ ಹುಡುಗಿಯರಿಗೆಲ್ಲ ಒಂದೊಂದು ಪೆನ್ನು ಕೊಟ್ಟೆ. ಅವರಲ್ಲೊಬ್ಬಳು ಪೆನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಪೆನ್ನು ಬ್ಯಾಡ್ರಿ ಟೀಚರ್, ಇನ್ನೊಂದ್ ಸಲ ಆಡಸ್ರಿ" ಅಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಆ ಮಾತು ಮನಸ್ಸಿನಲ್ಲಿ ಕೂತ ಮೇಲೆ, ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದ ಒಂದು ಕಥೆ ಬೇರೆಯಾಗಿ ಕಾಣತೊಡಗಿತು. ಕಲ್ಕತ್ತೆಯ ಮೊಹನ್ ಬಗಾನ್ ಕಥೆ ಅದು. 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬೂಟುಗಾಲಿನ ಸೈನಿಕರನ್ನು ನಮ್ಮ ಹುಡುಗರು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದರು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಿನವರು. ಕೇಳುವ ಮಕ್ಕಳ ಕಣ್ಣು ಹೊಳೆಯುತ್ತಿದ್ದವು. "ಪವಾಡ" ಎಂದು ಹೇಳಿ ನಾನು ಪಾಠ ಮುಗಿಸುತ್ತಿದ್ದೆ.

ಆ ಹೇಳಿಕೆ ತಪ್ಪು ಎಂದು ಈಗ ಅನ್ನಿಸುತ್ತದೆ. ಪವಾಡ ಒಂದೇ ದಿನದಲ್ಲಿ ಆಗುತ್ತದೆ. ಈ ಗೆಲುವಿನ ಹಿಂದೆ ವರ್ಷಗಟ್ಟಲೆಯ ಆಟವಿತ್ತು. ಕಲ್ಕತ್ತೆಯಲ್ಲಿ 1889ರಲ್ಲೇ ಟ್ರೇಡ್ಸ್ ಕಪ್ ಎಂಬ ಪಂದ್ಯಾಟ ಶುರುವಾಗಿತ್ತು. 1892ರಲ್ಲಿ ಶೋಭಾಬಜಾರ್ ಎಂಬ ನಮ್ಮವರ ಕ್ಲಬ್ಬು ಈಸ್ಟ್ ಸರ್ರೆ ರೆಜಿಮೆಂಟನ್ನು ಸೋಲಿಸಿದ್ದು ಅದರಲ್ಲೇ. ಮರುವರ್ಷ, 1893ರಲ್ಲಿ, ಐ.ಎಫ್.ಎ. ಶೀಲ್ಡ್ ಬಂತು. ಮಾನ ಮರ್ಯಾದೆಯೆಲ್ಲ ಅದರ ಪಾಲಾಯಿತು. ಟ್ರೇಡ್ಸ್ ಕಪ್ ಎರಡನೆಯ ಸಾಲಿನ ತಂಡಗಳ ಕಪ್ಪಾಗಿ ಉಳಿಯಿತು. ದೊಡ್ಡವರ ಪಂಕ್ತಿಯಲ್ಲಿ ಎಲೆ ಸಿಗದವರಿಗೆ ಪಡಸಾಲೆಯಲ್ಲಿ ಬಡಿಸಿದ ಹಾಗೆ.

ಆ ಪಡಸಾಲೆಯ ಊಟದಲ್ಲೇ ಮೊಹನ್ ಬಗಾನ್ ಮೈ ತುಂಬಿಕೊಂಡಿತು. 1906, 1907, 1908, ಮೂರು ವರ್ಷ ಸತತವಾಗಿ ಟ್ರೇಡ್ಸ್ ಕಪ್ ಗೆದ್ದಿತು. 1909ರಲ್ಲಿ ಶೀಲ್ಡ್‌ನಲ್ಲಿ ಗಾರ್ಡನ್ ಹೈಲ್ಯಾಂಡರ್ಸ್ ಎದುರು ಸೋತಿತು. ಅದಾದ ಎರಡೇ ವರ್ಷಕ್ಕೆ ಗೆದ್ದಿತು. ಶಿವದಾಸ್ ಭಾದುರಿ, ಅಭಿಲಾಷ್ ಘೋಷ್ ಹೊಡೆದ ಎರಡು ಗೋಲುಗಳನ್ನು ನಾವು ನೆನೆಯುತ್ತೇವೆ. ಆದರೆ ಅದಕ್ಕೆ ಮೊದಲು ತಂಡ ಆಡಿದ ಸಣ್ಣ ಕಪ್ಪುಗಳನ್ನು ಬಿಟ್ಟುಬಿಡುತ್ತೇವೆ. ಹಬ್ಬದ ಹೋಳಿಗೆಯನ್ನು ಎಲ್ಲರೂ ಹೊಗಳುತ್ತಾರೆ, ಹಿಂದಿನ ರಾತ್ರಿ ಕಡಲೆಬೇಳೆ ಆರಿಸಿದವಳನ್ನು ಯಾರು ಕೇಳುತ್ತಾರೆ?

ಹಾಗೆಂದು ಸಣ್ಣ ಕಪ್ಪನ್ನು ಬರೇ ಹೊಗಳಿ ಕೂರುವ ಹಾಗೂ ಇಲ್ಲ. ಶೀಲ್ಡ್ ಗೆದ್ದ ಈ ತಂಡಕ್ಕೆ ಕಲ್ಕತ್ತಾ ಲೀಗಿನಲ್ಲಿ ಜಾಗ ಸಿಕ್ಕಿದ್ದು 1914ರಲ್ಲಿ, ಅದೂ ಎರಡನೆಯ ಡಿವಿಜನ್ನಿನಲ್ಲಿ! ಮೊದಲ ಡಿವಿಜನ್ ಸೇರುವಾಗ 1915 ಬಂದಿತ್ತು. ಆಟದಲ್ಲಿ ಮೊದಲಿಗರಾದವರನ್ನು ಎರಡನೆಯವರೆಂದು ಕೂರಿಸಿದ್ದು ಕಾಲಿನ ಬಲ ನೋಡಿಯೇ, ಮೈಬಣ್ಣ ನೋಡಿಯೇ? ಎರಡನೆಯ ಸಾಲು ಎಂಬ ಹೆಸರನ್ನು ಯಾರು ಇಟ್ಟರು, ಏಕೆ ಇಟ್ಟರು ಎಂದು ಕೇಳದೆ ಆ ಸಾಲಿನಲ್ಲಿ ಕೂರಬಾರದು. ಹೆಂಗಸರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಬಗೆಯ ಸಮಾಧಾನವೂ ಉಂಟು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ, ಸೋತ ಫುಟ್‌ಬಾಲ್ ತಂಡಗಳಿಗೆಂದೇ ಬೇರೆ ಪಂದ್ಯಾಟ ನಡೆಯಿತು. ಕೊನೆಯ ಆಟದಲ್ಲಿ ಹಾಲೆಂಡ್ ಮತ್ತು ಚಿಲಿ 2-2ರ ಸಮ ಮಾಡಿಕೊಂಡವು. ಚೀಟಿ ಎತ್ತಿದರು, ಗೆಲುವು ಹಾಲೆಂಡಿಗೆ ಬಂತು. ಕಪ್ಪು ಮಾತ್ರ ಚಿಲಿಯ ಕೈಗೆ ಹೋಯಿತು. ಸೌಜನ್ಯವೇನೋ ಸರಿ. ಆದರೆ ಆ ಕಪ್ಪಿನಿಂದ ಮುಂದಕ್ಕೆ ದಾರಿ ಇರಲಿಲ್ಲ. ಅದು ನಮ್ಮ ಸಾಬೂನು ಡಬ್ಬಿಯ ದೊಡ್ಡಕ್ಕ.

ನಮ್ಮ ಬೀದರ 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿದ್ದುದರಿಂದ ಅಲ್ಲಿಯ ಸೈಯದ್ ಅಬ್ದುಲ್ ರಹೀಮ್ ಸಾಹೇಬರನ್ನು ನಮ್ಮವರೆಂದೇ ಹೇಳಿಕೊಳ್ಳಬಹುದು. ಅವರೂ ಶಾಲಾ ಶಿಕ್ಷಕರು. ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ರೋವರ್ಸ್ ಕಪ್ ಬಿಡಲಿಲ್ಲ. 1956ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್ ಸೋತ ಅವರ ಭಾರತ ತಂಡ, ಮೂರನೆಯ ಸ್ಥಾನದ ಆಟದಲ್ಲೂ ಬಲ್ಗೇರಿಯಾಕ್ಕೆ ಸೋತಿತು. ಬರಿಗೈಯಲ್ಲಿ ಬಂದವರು ಆಟ ಬಿಡಲಿಲ್ಲ. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ರಹೀಮರ ತಂಡ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ತಂದಿತು. ಸೋತವರಿಗೆ ಮತ್ತೊಂದು ಆಟ ಸಿಕ್ಕರೆ ಏನಾಗಬಹುದೆಂಬುದಕ್ಕೆ ಇಷ್ಟು ಸಾಕು.

ಮುಂದೆ ಭಾಲ್ಕಿಗೆ ವರ್ಗವಾದಾಗ, ನಾಲ್ಕಾರು ಶಾಲೆಗಳು ಸೇರಿ ನಡೆಸಿದ ಕೂಟವೊಂದರಲ್ಲಿ ನಾನು ಎದ್ದು ನಿಂತು ಒಂದು ಮಾತು ಕೇಳಿದೆ. ಮೊದಲ ಸುತ್ತಿನಲ್ಲಿ ಸೋತ ಹುಡುಗಿಯರ ತಂಡಗಳನ್ನು ಮನೆಗೆ ಕಳಿಸಬೇಡಿ, ಪಕ್ಕದ ಅಂಗಳದಲ್ಲಿ ಅವರವರೇ ಆಡಲಿ, ಅದರಲ್ಲಿ ಗೆದ್ದವರು ಸಂಜೆ ದೊಡ್ಡ ತಂಡವೊಂದರ ಜೊತೆ ಆಡಲಿ. "ಸೋತವರ ಆಟ ಯಾರು ನೋಡ್ತಾರ್ರೀ ಮೇಡಂ?" ಎಂದು ಒಬ್ಬರು ನಕ್ಕರು. ನೋಡುವವರಿಗಾಗಿ ಅಲ್ಲ, ಆಡುವವರಿಗಾಗಿ ಎಂದೆ. ಸುಣ್ಣದ ಗೆರೆ ಎಳೆಯಲು ಪಿ.ಟಿ. ಮಾಸ್ತರು ಕೈಗೂಡಿಸಿದರು.

ನಮ್ಮ ಹುಡುಗಿಯರು ಆ ದಿನ ಮೂರು ಆಟ ಆಡಿದರು. ಸಂಜೆಯ ಆಟ ಸೋತರು. ಮರುವರ್ಷವೂ ಎರಡನೆಯ ಸುತ್ತು ದಾಟಲಿಲ್ಲ; ಸುಳ್ಳೇಕೆ ಹೇಳಲಿ? ಆದರೆ ಮರುವರ್ಷ ತಂಡಕ್ಕೆ ಹೆಸರು ಕೊಡಲು ನಾನು ಯಾರ ಮನೆಗೂ ಹೋಗಿ ಬೇಡಿಕೊಳ್ಳಲಿಲ್ಲ. ಹದಿನಾಲ್ಕು ಹುಡುಗಿಯರು ತಾವಾಗಿಯೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

ಪೆನ್ನು ಬೇಡವೆಂದ ಆ ಔರಾದದ ಹುಡುಗಿ ಅವರೊಳಗೆ ಇರಲಿಲ್ಲ. ಎಂಟನೆಯ ತರಗತಿಗೇ ಅವಳ ಶಾಲೆ ನಿಂತುಹೋಗಿತ್ತು. ಅವಳಿಗೆ ಎರಡನೆಯ ಆಟ ಆಡಿಸಲು ನನ್ನಿಂದ ಆಗಲಿಲ್ಲ.