ದೊರೆ ಕೊಟ್ಟ ಕೊಡೆ

ರಾಮನಗರ, ಚನ್ನಪಟ್ಟಣದ ಕಡೆಯಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ನಮ್ಮ ಜನ, ಮೈಸೂರು ರಸ್ತೆಯಲ್ಲೇ ಇರುವ ಒಂದು ಸಣ್ಣ ಮಸಣವನ್ನು ಗಮನಿಸಿರಲಾರರು. ಅದು ಯಹೂದಿಗಳದ್ದು. 1904ರಲ್ಲಿ ಅದಕ್ಕೆ ನೆಲ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೆಂಗಳೂರಿನ ಯಹೂದಿಗಳು ಯಾವತ್ತೂ ಬೆರಳೆಣಿಕೆಯ ಜನ. ಪಟಾಲಮ್ಮಿನಲ್ಲಿದ್ದವರು ಕೆಲವರು, ವ್ಯಾಪಾರಕ್ಕೆ ಬಂದವರು ಕೆಲವರು.

ಈ ಮಸಣದ ಮಾತು ಬಂದಾಗಲೆಲ್ಲ ನಮ್ಮ ಲೇಖಕರು ಒಂದೇ ದಾಟಿಯಲ್ಲಿ ಬರೆಯುತ್ತಾರೆ. ದೊರೆ ಎಂಥ ಉದಾರಿ, ನಾಡು ಎಂಥ ಸಹಿಷ್ಣು, ಅಷ್ಟೆ. ಸತ್ತವರಿಗೆ ಮಣ್ಣು ಸಿಕ್ಕಿದ್ದು ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ‘ಉದಾರಿ’ ಅನ್ನೋ ಮಾತು ಕೇಳಿದಾಗ ನನಗೆ ನೆನಪಾಗೋದೇ ಬೇರೆ. ಕನಕಪುರ ಸೀಮೆಯ ನಮ್ಮೂರಲ್ಲಿ ಅಜ್ಜಿ ತೀರಿಕೊಂಡಾಗ, ತಲೆಮಾರಿನಿಂದ ನಾವು ಹೂಳುತ್ತಿದ್ದ ಹಳ್ಳದ ದಂಡೆಗೆ ಬೇಲಿ ಬಿದ್ದಿತ್ತು. ‘ಇದು ನನ್ನ ಹಿಡುವಳಿ ಕಣ್ರೋ, ಬೇರೆ ಕಡೆ ನೋಡ್ಕೊಳಿ’ ಅಂದ ಒಡೆಯ. ಹೆಣ ಇಳಿಸಿ ನಮ್ಮಪ್ಪ ಕೈಮುಗಿದು ನಿಂತ: ‘ಇದೊಂದು ಸಲ ಬುದ್ಧೀ.’ ಮಧ್ಯಾಹ್ನ ಕಳೆದ ಮೇಲೆ ಆತ ಹೂಂ ಅಂದ. ‘ದೊಡ್ಡ ಮನಸ್ಸು ಮಾಡಿದರು’ ಅಂತ ಆವತ್ತು ರಾತ್ರಿ ನಮ್ಮ ಕೇರಿಯೇ ಅವನನ್ನು ಹೊಗಳಿತು. ನಾನೂ ಹೊಗಳಿದೆ.

ಇಂಥ ಹೊಗಳಿಕೆಯನ್ನು ಓದುವುದು ಹೇಗೆ? ಒಡೆಯರು ಮಸಣಕ್ಕೆ ನೆಲ ಕೊಟ್ಟದ್ದು ಹತ್ತಿರದ ಸಂಗತಿ. ದೊರೆಯೊಬ್ಬ ಯಹೂದಿಗಳಿಗೆ ಕೊಟ್ಟ ಕೊಡುಗೆಯ ಸಾವಿರ ವರ್ಷ ಹಳೆಯ ಪಠ್ಯವೇ ಪಕ್ಕದ ಕೇರಳದಲ್ಲಿದೆ. ಕ್ರಿ.ಶ. 1000ದ ಸುಮಾರಿಗೆ ಚೇರ ದೊರೆ ಭಾಸ್ಕರ ರವಿ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಹಾಕಿಸಿಕೊಟ್ಟ ತಾಮ್ರಶಾಸನ ಅದು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಅರಮನೆಯ ಮಗ್ಗುಲಲ್ಲೇ 1568ರಲ್ಲಿ ಕಟ್ಟಿದ ಸಿನಗಾಗಿನ ಜನ ಅದನ್ನು ಕಾಪಾಡಿಕೊಂಡು ಬಂದರು. 2017ರಲ್ಲಿ ಭಾರತದ ಪ್ರಧಾನಿ ಅದರ ನಕಲನ್ನು ಇಸ್ರೇಲಿನ ಪ್ರಧಾನಿಗೆ ಉಡುಗೊರೆ ಕೊಟ್ಟರು. ಸಹಿಷ್ಣುತೆಯ ಸಾಕ್ಷಿ ಅಂತ ಅದಕ್ಕೆ ಅಷ್ಟು ಬೆಲೆ.

ಶಾಸನವನ್ನು ಪಂಡಿತರು ಲಿಪಿ ನೋಡಿ ಓದುತ್ತಾರೆ. ನಾವು ಕೇರಿಯಲ್ಲಿ ಕೂತು ಓದೋಣ. ಒಟ್ಟು 72 ಹಕ್ಕುಗಳಂತೆ. ಸುಂಕ ಮಾಫಿ. ಅದರ ಜೊತೆಗೆ ಪಲ್ಲಕ್ಕಿ, ಕೊಡೆ, ಹಗಲು ದೀವಟಿಗೆ, ನಡೆಯಲು ಹಾಸುಬಟ್ಟೆ, ಭೇರಿ, ಕಹಳೆ. ಇದೆಲ್ಲ ವಂಶಪಾರಂಪರ್ಯವಾಗಿ, ಚಂದ್ರ ಇರುವ ತನಕ. ಬಿಸಿಲಿಗೆ ಕೊಡೆ ಹಿಡಿಯೋದಕ್ಕೂ ದೊರೆಯ ಅಪ್ಪಣೆ ಬೇಕಿತ್ತು ಅಂದರೆ, ಉಳಿದವರು ಹಿಡಿಯುವಂತಿರಲಿಲ್ಲ ಅಂತಲೇ ಅರ್ಥ. ಆ ಬಟ್ಟೆ ಹಾಸಿದವರು ಯಾರು? ನಡುಹಗಲಲ್ಲಿ ದೀವಟಿಗೆ ಹೊತ್ತು ಮುಂದೆ ನಡೆದವರು ಯಾರು? ಸಾಕ್ಷಿ ಹಾಕಿದ ಸಾಮಂತರ ಹೆಸರುಗಳಿವೆ, ಇವರದ್ದಿಲ್ಲ.

ಚೇರರ ವಾರಸುದಾರರೆಂದು ಹೇಳಿಕೊಂಡ ಕೊಚ್ಚಿ ದೊರೆಗಳ ಕಾಲಕ್ಕೇ ಬನ್ನಿ. 1913ರಲ್ಲಿ ಕೊಚ್ಚಿಯ ಪುಲಯರು ಒಂದು ಸಭೆ ಸೇರಬೇಕೆಂದರು. ದೊರೆಯ ನೆಲದಲ್ಲಿ ಅವರಿಗೆ ಕೂರಲು ಜಾಗವಿಲ್ಲ. ಕೊನೆಗೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಎರ್ನಾಕುಳಂ ಹಿನ್ನೀರಿನ ಮೇಲೆ ಸಭೆ ಮಾಡಿದರು. ನೀರು ದೊರೆಯ ನೆಲವಲ್ಲವಲ್ಲ! ಅದಾಗಿ ಮೂವತ್ತು ವರ್ಷ ಕಳೆದರೂ, 1946ರಲ್ಲಿ, ಅದೇ ರಾಜ್ಯದ ಇರಿಂಜಾಲಕುಡದಲ್ಲಿ ದೇವಸ್ಥಾನದ ಪಕ್ಕದ ಕುಟ್ಟಂಕುಳಂ ರಸ್ತೆಯಲ್ಲಿ ಬರೀ ನಡೆಯುವುದಕ್ಕಾಗಿ ಜನ ಮೆರವಣಿಗೆ ಹೊರಟು ಪೊಲೀಸರ ಏಟು ತಿಂದರು. ಈ ಎರಡು ಸಂಗತಿಗಳನ್ನು ಪಕ್ಕಕ್ಕಿಟ್ಟುಕೊಳ್ಳದೆ ತಾಮ್ರಶಾಸನದ ಸಹಿಷ್ಣುತೆಯನ್ನು ಕೊಂಡಾಡುವ ಬರಹ, ನನ್ನ ಮಟ್ಟಿಗೆ, ಅರ್ಧ ಓದಿ ಬರೆದದ್ದು.

ಇದರಲ್ಲಿ ಯಹೂದಿಗಳ ತಪ್ಪು ಹುಡುಕಬೇಡಿ. ಯೂರೋಪಿನಲ್ಲಿ ಊರೂರಿನಿಂದ ಓಡಿಸಿಕೊಂಡ ಜನ ಅವರು. ಸಿಕ್ಕ ನೆರಳನ್ನು ಬೇಡ ಅನ್ನಲಾದೀತೆ? ಕೇಡು ಇರುವುದು ಕೊಡುಗೆಯ ಸ್ವಭಾವದಲ್ಲೇ. ಅದು ಒಳಗೂ ಮೇಲುಕೀಳು ಮಾಡುತ್ತದೆ. ಮಟ್ಟಾಂಚೇರಿಯ ಅದೇ ಸಿನಗಾಗಿನಲ್ಲಿ, ಬಿಡುಗಡೆಯಾದ ಗುಲಾಮರ ಸಂತತಿಯವರು ಉಳಿದವರ ಜೊತೆ ಪೀಠದ ಮೇಲೆ ಕೂರುವಂತಿರಲಿಲ್ಲ. ಆ ಸಂತತಿಯಲ್ಲಿ ಹುಟ್ಟಿದ ವಕೀಲ ಎ.ಬಿ. ಸಾಲೆಂ (1882-1967) ತನ್ನ ದೇವರ ಮನೆಯಲ್ಲೇ ಸತ್ಯಾಗ್ರಹ ಹೂಡಿದರು. ಕೊಚ್ಚಿಯಲ್ಲಿ ಅವರನ್ನು ‘ಯಹೂದಿ ಗಾಂಧಿ’ ಅಂತ ಕರೆದರು. ದೊರೆ ಕೊಟ್ಟ 72 ಹಕ್ಕುಗಳಲ್ಲಿ ಆ ಒಂದು ಪೀಠ ಸೇರಿರಲಿಲ್ಲ. ಸಾಲೆಂ ಹೆಸರನ್ನು ನಮ್ಮ ಎಷ್ಟು ಮೇಷ್ಟರು ಕೇಳಿದ್ದಾರೆ?

ಇದು ಬರೀ ಕೊಚ್ಚಿಯ ಕತೆಯಲ್ಲ. ಮೊರಾಕೊದ ಐದನೇ ಮೊಹಮದ್, ಎರಡನೇ ಮಹಾಯುದ್ಧದ ಕಾಲಕ್ಕೆ ತನ್ನ ಯಹೂದಿ ಪ್ರಜೆಗಳ ಪರ ನಿಂತ ಅಂತ ಇವತ್ತಿಗೂ ಸ್ಮರಿಸುತ್ತಾರೆ. ಅವನ ಮಗ ಎರಡನೇ ಹಸನ್ ಕಾಲದಲ್ಲಿ ಅಬ್ರಹಾಂ ಸರ್ಫಾತಿ ಎಂಬ ಯಹೂದಿ ಎಡಪಂಥೀಯ, ರಕ್ಷಣೆ ಸಾಕು ಹಕ್ಕು ಕೊಡಿ ಅಂದವನು, 1974ರಿಂದ 1991ರವರೆಗೆ ಜೈಲಿನಲ್ಲಿ ಕೊಳೆತ. ಬಿಟ್ಟಾಗಲೂ ‘ನೀನು ಈ ದೇಶದವನೇ ಅಲ್ಲ’ ಅಂತ ಹೊರಗೆ ಅಟ್ಟಿದರು. ತಲೆ ಬಾಗಿಸಿದವರಿಗೆ ಮಾತ್ರ ದೊರೆಯ ಕೊಡೆ.

ನಮ್ಮ ಸೀಮೆಯಲ್ಲೂ ನಮಗೆ ಕೊಡುಗೆ ಇರಲಿಲ್ಲ ಅಂತೇನಿಲ್ಲ. ತೋಟಿ ಇನಾಮು, ತಳವಾರಿಕೆ ಇನಾಮು. ಸಾವಿನ ಸುದ್ದಿ ಊರೂರಿಗೆ ಮುಟ್ಟಿಸಬೇಕು, ಡಂಗುರ ಸಾರಬೇಕು, ಸತ್ತ ದನ ಸಾಗಿಸಬೇಕು. ಅಲ್ಲಿಯತನಕ ಆ ತುಂಡು ಜಮೀನು ಉಣ್ಣಬಹುದು. ಅಲ್ಲಿ ತನಗಾಗಿ ಭೇರಿ ಬಾರಿಸಿಕೊಳ್ಳುವ ಹಕ್ಕು, ಇಲ್ಲಿ ಊರಿಗಾಗಿ ತಮಟೆ ಬಾರಿಸುವ ಚಾಕರಿ. ಎರಡನ್ನೂ ಕರೆಯೋದು ‘ಕೊಡುಗೆ’ ಅಂತಲೇ. ಈ ಚಾಕರಿಯನ್ನು ಕಾನೂನು ತೆಗೆದುಹಾಕಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ, ದೊರೆತನ ಹೋದ ಮೇಲೆ. ನಾಲ್ವಡಿಯವರನ್ನು ಹಳಿಯೋದು ನನ್ನ ಉದ್ದೇಶವಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ನೌಕರಿಯ ಬಾಗಿಲು ತೆರೆದವರು ಅವರು. ಆದರೆ ಅದೂ ತಾನಾಗಿ ಬಂದದ್ದಲ್ಲ. ಪ್ರಜಾಮಿತ್ರ ಮಂಡಳಿಯವರು ಸಂಘಟಿತರಾಗಿ ಹೋಗಿ ಕೇಳಿದ್ದರು. ಮಸಣದ ಕತೆ ಹೇಳುವವರು ಈ ಕೇಳಿದವರ ಕತೆಯನ್ನೂ ಸೇರಿಸಿ ಹೇಳಲಿ.

ಮೈಸೂರು ರಸ್ತೆಯ ಆ ಮಸಣದಲ್ಲಿ ಸತ್ತವರ ಹೆಸರು ಕಲ್ಲಿನ ಮೇಲಿದೆ. ನಮ್ಮಜ್ಜಿಯನ್ನು ಹೂತ ಜಾಗದಲ್ಲಿ ಈಗ ಹಿಪ್ಪುನೇರಳೆ ಹಾಕಿದ್ದಾರೆ. ಅದರ ಸೊಪ್ಪು ತಿಂದ ಹುಳುವಿನ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತೆ.