ನಿವೃತ್ತರ ಹಸ್ತಾಕ್ಷರ

ಸಾನಪಾಡಾದಿಂದ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣ ದೂರವಲ್ಲ; 2008ರಲ್ಲಿ ಮೊದಲ ಐಪಿಎಲ್ ಫೈನಲ್ ನಡೆದದ್ದು ಅಲ್ಲೇ. ಅಲ್ಲಿ ಇಂದಿನ ತಾರೆಯರ ಸಹಿಗೆ ಮುಗಿಬೀಳುವವರು ಬಹಳ. ಆದರೂ ಸಂಗ್ರಹಕ್ಕೆ ನಿವೃತ್ತರ ಸಹಿ ಇರುವ ಕ್ರಿಕೆಟ್ ಕಾರ್ಡೇ ಮೇಲು ಎಂಬುದು ನನ್ನ ವಾದ. ಆಡುತ್ತಿರುವವರ ಸಾಧನೆ ಇನ್ನೂ ಬೆಳೆಯುತ್ತಿರುತ್ತದೆ. ಆದರೆ ನಿವೃತ್ತ ಸ್ಪಿನ್ನರ್ ಎರಪಳ್ಳಿ ಪ್ರಸನ್ನರ ಸಹಿಯ ಹಿಂದೆ ಪೂರ್ತಿಯಾದ ಚರಿತ್ರೆಯಿದೆ. ಸತತ 15 ಬಾರಿ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು 1974ರ ಸೆಮಿಫೈನಲ್‌ನಲ್ಲಿ ತಡೆದದ್ದು ಕರ್ನಾಟಕ. ಆ ಪಂದ್ಯದಲ್ಲಿ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದವರು ಪ್ರಸನ್ನ. ಮುಂಬಯಿ ಸೀಮೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಸಹಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ನಕಲಿಯ ಕಾಟ ಇದೆಯಲ್ಲ ಎಂಬ ಆಕ್ಷೇಪ ನಿಜವೇ. ಭೂತಗನ್ನಡಿ ಹಿಡಿದರೆ ಅಚ್ಚಾದ ಸಹಿ ಸಾಮಾನ್ಯವಾಗಿ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಪೆನ್ನಿನ ಗೆರೆ ಕಾರ್ಡಿನ ಹೊಳಪಿನ ಮೇಲೆ ಅಖಂಡವಾಗಿ ಕೂತಿರುತ್ತದೆ, ಗೆರೆ ಗೆರೆಯನ್ನು ದಾಟುವಲ್ಲಿ ಶಾಯಿ ದಟ್ಟವಾಗಿರುತ್ತದೆ. ಕೈಯಿಂದಲೇ ಮಾಡಿದ ನಕಲು ಮಾತ್ರ ಇಷ್ಟಕ್ಕೆ ಸಿಕ್ಕಿಬೀಳುವುದಿಲ್ಲ. ಅಲ್ಲಿ ಸಹಿ ಎಲ್ಲಿ, ಯಾವಾಗ ಸಿಕ್ಕಿತೆಂಬ ದಾಖಲೆಯೇ ಆಧಾರ. ಹಾಗಾಗಿ, ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ಆಟಗಾರರನ್ನೇ ಕಂಡು ಕೇಳುವುದು ಒಳ್ಳೆಯದು. ಸಿಕ್ಕ ಸಹಿಯನ್ನು ಕಾಪಾಡುವುದೂ ಮುಖ್ಯ: ಖಾಡಿಯ ಪಕ್ಕದ ನಮ್ಮ ಊರಿನ ತೇವಕ್ಕೆ ಕಾರ್ಡು ಸೊಟ್ಟಗಾಗುತ್ತದೆ, ಬಿಸಿಲಿಗೆ ಶಾಯಿ ಮಾಸುತ್ತದೆ. ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಡಿ. ಸಹಿ ಸಿಕ್ಕ ದಿನ, ಸ್ಥಳವನ್ನು ಬೇರೆ ಚೀಟಿಯಲ್ಲಿ ಅಂದೇ ಬರೆದು ಜೊತೆಗಿಡಿ.